ಸಾಹುಕಾರರು ಪಾಪರಾದದ್ದು

ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹೊಟ್ಟೆಯೊಳಗೆ ಮೊಳಕೈವರೆಗೂ ಕೈ ಇಳಿಸಿ ತಯ್ಯಬ್ ಹುಳಿತುಹೋದ ಕಾಫಿ ಸಿಪ್ಪೆ ಕೆರೆದು ತೆಗೆಯುತ್ತಿದ್ದ. ನಾತಕ್ಕೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದ. ಕಣದ ಅಂಚಿನಲ್ಲಿ ಅವತ್ತು ಕೊಯ್ದ ಹಣ್ಣು ರಾಶಿ ಬಿದ್ದಿತ್ತು. ಬೆಳಗಾಗುವುದರೊಳಗೆ ಪಲ್ಪರ್ ತಿರುಗದಿದ್ದರೆ ಅಷ್ಟೂ ಹಾಳು.

"ಬೇಗ ಮುಗಿಸು ಮಾರಾಯ. ದುಡ್ಡು ಕೊಯ್ಲು ಮುಗಿದ ಮೇಲೆ ಒಟ್ಟಿಗೆ ಕೊಡ್ತೀನಿ" ಎಂದರು ಸಾಹುಕಾರ್ ಹರ್ಷವರ್ಧನ.

ತಯ್ಯಬ್‌ನ ಕೈ ನಿಂತಿತು. ಮತ್ತೆ ಅದೇ ಮಾತು.

ತಯ್ಯಬ್‌ನಂಥ ಗೋಣಿಬೀಡಿನ ಗ್ಯಾರೇಜಿನವರದ್ದು ಅಪ್ಪಂದಿರ ಕಾಲದ ಪದ್ಧತಿ. ವರ್ಷವಿಡೀ ಎಸ್ಟೇಟಿನ ಜೀಪು, ಮೋಟಾರು, ಪಲ್ಪರ್ ರಿಪೇರಿ ಮಾಡುವುದು, ಕಾಫಿ ಮಾರಿದ ಮೇಲೆ ದುಡ್ಡು ತೆಗೆದುಕೊಳ್ಳುವುದು. ನಡುವೆ ಕೇಳಿದರೆ ಮರ್ಯಾದೆಯಲ್ಲ. ಹಾಗೆ ಕೇಳದೆ ಕೇಳದೆ ಮೂರು ಕೊಯ್ಲು ಕಳೆದವು. ರಿಪೇರಿಯ ಸಾಮಾನು ತರಲು ತಯ್ಯಬ್ ಹೆಂಡತಿ ಜಮೀಲುನ್ನೀಸಾಳ ಬಳೆ ಬ್ಯಾಂಕಿನಲ್ಲಿ ಅಡವಿಟ್ಟ. ಸಾಹುಕಾರರು ಮಾತ್ರ ಸದ್ದಿಲ್ಲದೆ ತೋಟವನ್ನು ಹೆಂಡತಿಯ ಹೆಸರಿಗೆ ಬರೆದು, ಎರಡು ವರ್ಷ ದಾಟುವವರೆಗೆ ಕಾದು, ಸಾಲ ತೀರಿಸಲು ಏನೂ ಇಲ್ಲವೆಂದು ಕೋರ್ಟಿಗೆ ಪಾಪರ್ ಅರ್ಜಿ ಹಾಕಿದರು.

ವಕೀಲ ಶಶಿಧರ್ ಆಗ ತಯ್ಯಬ್‌ಗೆ ಬಿಡಿಸಿ ಹೇಳಿದ್ದರು. "ಎರಡು ವರ್ಷದ ಒಳಗೆ ಬರ್ಕೊಟ್ಟಿದ್ರೆ ಕೋರ್ಟು ತೋಟನ ವಾಪಸ್ ಎಳೀಬಹುದಿತ್ತು. ಈಗ ಅವ್ರ ಹೆಸ್ರಲ್ಲಿರೋದು ಹಳೇ ಜೀಪೊಂದೇ. ಅದನ್ನ ಮಾರಿ ಸಾಲಗಾರರಿಗೆಲ್ಲ ಹಂಚ್ತಾರೆ. ಉಳಿದ ಸಾಲದಿಂದ ಅವ್ರಿಗೆ ಬಿಡುಗಡೆ. ಆಮೇಲೆ ನೀವು ಕೇಳೋ ಹಂಗಿಲ್ಲ."

"ಹಂಗಾದ್ರೆ ನಾನೂ ಪಾಪರ್ ಆಗ್ತೀನಿ ಸರ್."

"ಅಡವಿಟ್ಟ ಬಳೆ ಬ್ಯಾಂಕಿನವ್ರು ಬಿಡಲ್ಲ. ಮೇಲೆ ವಕೀಲ್ರ ಫೀಸು, ವರ್ಷಗಟ್ಟಲೆ ಓಡಾಟ."

"ಅಂದ್ರೆ ಪಾಪರ್ ಆಗೋಕೂ ದುಡ್ಡಿರ್ಬೇಕು ಅನ್ನಿ."

ಶಶಿಧರ್ ಫೈಲು ಮಡಿಚಿಟ್ಟರು.

ಜೀಪು ಮಾರಿದ್ದರಲ್ಲಿ ತಯ್ಯಬ್‌ನ ಪಾಲಿಗೆ ಬಂದದ್ದು ಚಿಕ್ಕಮಗಳೂರಿನ ಕೋರ್ಟಿಗೆ ಓಡಾಡಿದ ಬಸ್ ಚಾರ್ಜಿಗೂ ಸಾಲಲಿಲ್ಲ. ಬಳೆ ಹರಾಜಾಯಿತು. ಸಾಹುಕಾರರಿಗೆ ಬಿಡುಗಡೆ ಸಿಕ್ಕ ವಾರದಲ್ಲೇ ಎಸ್ಟೇಟಿಗೆ ಹೊಸ ಜೀಪು ಬಂತು, ಹೆಂಡತಿಯ ಹೆಸರಲ್ಲಿ. ಥೂ, ಉಗಿಯಬೇಕು ಇಂಥ ಬಿಡುಗಡೆಗೆ.

ಇವತ್ತು ತಯ್ಯಬ್ ಬಂದದ್ದೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯ ಈ ಸಲ ನಗದು ಎಂದು ಕರೆದದ್ದಕ್ಕೆ. ತಯ್ಯಬ್ ಪಲ್ಪರಿನಿಂದ ಕೈ ಹೊರಗೆಳೆದ.

"ನಗದು ಅಂತ ರೈಟ್ರು ಹೇಳಿದ್ರು. ಹಳೇದೇ ಇನ್ನೂ..."

"ಹಳೇದು ಮುಗೀತಲ್ಲ. ಕೇಳೋ ಹಂಗಿಲ್ಲ ಅಂತ ಕೋರ್ಟೇ ಹೇಳಿದೆ."

"ಕೇಳಲ್ಲ ಸಾಹುಕಾರ್ರೇ. ಹೊಸಾ ಕೆಲ್ಸ ಮಾಡ್ಲೇಬೇಕು ಅಂತ ಕೋರ್ಟು ಹೇಳಿಲ್ಲ." ತಯ್ಯಬ್ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದ.

ಸಾಹುಕಾರರು ನಕ್ಕರು. ನೀನೊಬ್ಬನೇ ಏನು ಎನ್ನುವಂತೆ ಮೋಟಾರ್ ರಿಪೇರಿಯ ನಾಗೇಶನಿಗೆ ಫೋನ್ ಮಾಡಿ, ತಯ್ಯಬ್ ಬಿಟ್ಟ ಕೆಲಸ ಮುಗಿಸಿಕೊಡು ಎಂದರು. ಸ್ಪೀಕರಿನಲ್ಲಿ ಅವನ ದನಿ ಕಣಕ್ಕೆಲ್ಲ ಕೇಳಿಸಿತು.

"ಜೀಪ್ ಮಾರಿ ಹಂಚ್ದಾಗ ನಂಗೂ ಚಿಲ್ರೆ ಬಂದಿತ್ತು ಸಾರ್. ತಯ್ಯಬಣ್ಣ ಬಿಟ್ಟ ಕೆಲ್ಸ ನಾನು ಮುಟ್ಟಲ್ಲ."

ಸಾಹುಕಾರರ ನಗು ಇಳಿಯಿತು. "ನಗದೇ ಕೊಡ್ತೀನಿ, ಬಾ ಮಾರಾಯ" ಎಂದು ಕೂಗಿದರು. ತಯ್ಯಬ್ ಆಗಲೇ ಗೇಟು ದಾಟಿದ್ದ.

ಮಾರನೆಯ ದಿನ ಹುಳಿತ ರಾಶಿಯ ನಾತ ರಸ್ತೆಯವರೆಗೂ ಬಂದಿತ್ತು. ಹೊಸ ಜೀಪು ಗೋಣಿಬೀಡಿನ ಒಂದೊಂದೇ ಗ್ಯಾರೇಜಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ಯಾರೂ ಎದ್ದು ಬರಲಿಲ್ಲ.