ಬಾಲ್ಕನಿಗೆ ಹೋದ ಸಸಿಗಳು

ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ಬಸುರಿ ವೃಂದಾಳಿಗೆ ಹೇಳಿದ್ದರು. ಸವಣೂರಿನ ಆ ಮಹಡಿಯ ಕೋಣೆಯಲ್ಲಿ ಬೇಸತ್ತು, ಅವಳು ಜೀವನದಲ್ಲಿ ಮೊದಲ ಸಲ ಬೀಜ ಊರಿದಳು. ಅತ್ತೆ ಪದ್ಮಾಬಾಯಿ ಮೊಸರಿನ ಖಾಲಿ ಡಬ್ಬಿಗೆ ಮಣ್ಣು ತುಂಬಿಕೊಟ್ಟಿದ್ದರು. ಟೊಮ್ಯಾಟೊ ಮೊಳಕೆ ಕಂಡ ದಿನ ವೃಂದಾ ಮಾತಾಡಿದ್ದೆಲ್ಲ ಅದರ ಬಗ್ಗೆಯೇ. ಆದರೆ ಸಸಿಗಳು ಬಿಳಿಚಿಕೊಂಡು, ದಾರದಂತೆ ಉದ್ದವಾಗಿ ಕಿಟಕಿಯ ಕಡೆ ವಾಲಿದವು.

"ಇವಕ್ಕ ಬಿಸಲು ಸಾಲೂದಿಲ್ಲ. ಬಾಲ್ಕನ್ಯಾಗ ಇಡ್ತೇನಿ," ಎಂದು ಅತ್ತೆ ಡಬ್ಬಿ ಎತ್ತಿಕೊಂಡರು.

"ನೀರು ಹಾಕ್ಲಿಕ್ಕೆ ನಾನ ಬರ್ತೇನ್ರಿ."

"ಬ್ಯಾಡ ವೃಂದಾ, ನೀ ಮಲ್ಕೋ. ನಾ ಹಾಕ್ತೇನಿ." ಪ್ರೀತಿಯಿಂದಲೇ ಹೊದಿಕೆ ಸರಿಪಡಿಸಿದರು.

ಮಂಚದಿಂದ ಬಾಲ್ಕನಿ ಕಾಣುತ್ತಿರಲಿಲ್ಲ. ಸಸಿಗಳು ಗಟ್ಟಿಯಾಗುತ್ತಿರುವುದನ್ನು ಅತ್ತೆ ದಿನಾಲೂ ಬಂದು ಹೇಳುತ್ತಿದ್ದರು. ವೃಂದಾ ಗೋಡೆಯ ಕಡೆ ತಿರುಗಿ ಮಲಗಿ ಕೇಳುತ್ತಿದ್ದಳು.