ಅತ್ತೆ ಸಾಯುವ ಸರದಿ

ನಮ್ಮ ಮನೆಯಲ್ಲಿ ಕೊಲೆಯಾಗದೆ ಉಳಿದವರು ಅತ್ತೆ ಒಬ್ಬರೇ. ಎಂಟು ಪತ್ತೇದಾರಿ ಕಾದಂಬರಿ ಬರೆದಿದ್ದೇನೆ; ಎಂಟರಲ್ಲೂ ಹೆಣವಾಗಿ ಬೀಳುವುದು ಮನೆಮಂದಿಯೇ. ಅದು ನಮ್ಮ ಪದ್ಧತಿ. ಯಜಮಾನರನ್ನು ಮೂರನೆಯದರಲ್ಲಿ ಮೆಟ್ಟಿಲಿನಿಂದ ಉರುಳಿಸಿದ್ದೆ; ಆ ಪುಟವನ್ನು ಆಫೀಸಿನವರಿಗೆಲ್ಲ ಓದಿಸಿ ಬಂದರು. ನಾದಿನಿ ಎರಡು ಸಲ ಸತ್ತಳು, ಎರಡನೆಯ ಸಲ ತಾನೇ ಕೇಳಿಕೊಂಡು.

"ನಾನೇನು ಪಾಪ ಮಾಡಿದ್ದೆ? ಒಂದು ಸಲ ನನ್ನ ಕೊಂದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಅತ್ತೆ ಹೊಲಿಗೆ ಮೆಷೀನು ತುಳಿಯುತ್ತಲೇ ಕೇಳುತ್ತಿದ್ದರು.

ಮೂರು ಸಲ ಪ್ರಯತ್ನಿಸಿದ್ದೆ, ಕೈ ಬರಲಿಲ್ಲ. ಅವರೆಂದರೆ ನನಗೆ ಅಷ್ಟು ಇಷ್ಟ.

ಆ ದಿನ ಬೆಳಿಗ್ಗೆಯೇ ಪ್ರಕಾಶಕರು ಫೋನ್ ಮಾಡಿದ್ದರು. "ಸಂಜೆ ಐದಕ್ಕೆ ಒಂಬತ್ತನೇದರ ಕಥೆ ಹೇಳಿ ಮೇಡಂ. ಇಲ್ಲಾಂದ್ರೆ ಸರಣಿನ ಇಲ್ಲಿಗೇ ಮುಗಿಸೋಣ." ಹನ್ನೊಂದು ವರ್ಷದಿಂದ ನಾನು ಸಾಕಿಕೊಂಡು ಬಂದ, ಎಂಟೂ ಪುಸ್ತಕಗಳಲ್ಲಿ ಕೆಮ್ಮುತ್ತಲೇ ಕೊಲೆಗಾರರನ್ನು ಹಿಡಿಯುವ ಇನ್ಸ್‌ಪೆಕ್ಟರನನ್ನು ಮನೆಗೆ ಕಳಿಸುವ ಮಾತು! ಮೈಯೆಲ್ಲ ಉರಿದುಹೋಯಿತು. ಆದರೆ ಸಿಟ್ಟಿಗೆ ಕಥೆ ಹುಟ್ಟುತ್ತದೆಯೇ? ನಾನು ಬರೆಯುವುದು ಅತ್ತೆಯ ಟೈಲರ್ ಅಂಗಡಿಯ ಮೂಲೆಯಲ್ಲಿ, ಗುಂಡಿ ಡಬ್ಬಗಳ ಪಕ್ಕ. ಮಧ್ಯಾಹ್ನ ಮೂರಾದರೂ ಹಾಳೆ ಖಾಲಿಯೇ ಇತ್ತು.

ಆಗ ಗಿರಾಕಿಯೊಬ್ಬರು ಕೋಟು ಹಿಡಿದುಕೊಂಡು ಬಂದರು.

"ಏನಮ್ಮಾ, ಭುಜ ಹಿಡಿಯುತ್ತಲ್ಲ! ಹೋದ ವರ್ಷ ನೀವೇ ಹೊಲಿದಿದ್ದು. ನಾನೇ ದಪ್ಪಗಾದ್ನೋ ಏನೋ."

ಅತ್ತೆ ಅಳತೆ ಪುಸ್ತಕ ತೆರೆದರು. ಟೇಪನ್ನು ಮೊದಲು ಅವರ ಬೆನ್ನಿಗೆ, ಆಮೇಲೆ ಕೋಟಿಗೆ ಹಿಡಿದರು.

"ಸ್ವಾಮಿ, ಹೊಟ್ಟೆ ಬರುತ್ತೆ, ಹೋಗುತ್ತೆ. ಭುಜದ ಮೂಳೆ ಬೆಳೆಯಲ್ಲ. ನಿಮ್ಮದು ಹದಿನೆಂಟೂವರೆ, ಆಗಲೂ ಅಷ್ಟೆ, ಈಗಲೂ ಅಷ್ಟೆ. ಈ ಕೋಟು ಹದಿನೇಳು. ನಿಮ್ಮ ತಮ್ಮಂದು ತಂದಿದೀರ! ಇಬ್ಬರಿಗೂ ಒಂದೇ ಬಟ್ಟೇಲಿ ಹೊಲಿದಿದ್ನಲ್ಲ."

ಗಿರಾಕಿ ಹಣೆ ಚಚ್ಚಿಕೊಂಡು ನಗುತ್ತಾ ಹೋದರು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.

"ಅತ್ತೇ! ಹನ್ನೆರಡು ವರ್ಷದ ಹಿಂದೆ ಕಾಣೆಯಾದ ಸಾಹುಕಾರ ವಾಪಸ್ ಬರ್ತಾನೆ. ಹೆಂಡತಿ ಒಪ್ತಾಳೆ, ಊರೆಲ್ಲ ಒಪ್ಪುತ್ತೆ. ಹೊಸ ಕೋಟಿಗೆ ಅಂತ ಹಳೇ ಟೈಲರಮ್ಮನ ಹತ್ರ ಹೋಗ್ತಾನೆ..."

ಅತ್ತೆಯ ಕೈಯಿಂದ ಟೇಪು ಜಾರಿತು. "ಭುಜ ಒಂದಿಂಚು ಕಮ್ಮಿ!"

"ಅಂದ್ರೆ ಅವನು ಇವನಲ್ಲ!"

"ಮಾರನೇ ದಿನ ಅಳತೆ ಪುಸ್ತಕ ಮಾಯ, ಟೈಲರಮ್ಮ ಹೆಣ! ಅಬ್ಬಾ, ಕೊನೆಗೂ ಸತ್ತೆ ಕಣೇ!" ಅತ್ತೆ ಚಪ್ಪಾಳೆ ತಟ್ಟಿಕೊಂಡು ನಕ್ಕರು. ನನಗೆ ಮಾತ್ರ ಅವರನ್ನು ಕೊಲ್ಲಲು ಇನ್ನೂ ಮನಸ್ಸಿರಲಿಲ್ಲ. ಆದರೂ ಬರೆದುಕೊಂಡೆ, ಬೇರೆ ದಾರಿಯಿರಲಿಲ್ಲ.

ಐದಕ್ಕೆ ಫೋನನ್ನು ಸ್ಪೀಕರಿಗೆ ಹಾಕಿ ಒಂದೇ ಉಸಿರಿಗೆ ಕಥೆ ಒಪ್ಪಿಸಿದೆ. ಅತ್ತೆ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಭಲೇ ಮೇಡಂ!" ಎಂದರು ಪ್ರಕಾಶಕರು. "ಸರಣಿ ನಿಲ್ಲಿಸೋ ಮಾತೇ ಇಲ್ಲ. ಒಂದೇ ಷರತ್ತು, ಟೈಲರಮ್ಮನ್ನ ಸಾಯಿಸಬೇಡಿ. ಅಳತೆ ಪುಸ್ತಕ ಬೇಕಾದ್ರೆ ಕಳ್ಳತನ ಆಗಲಿ. ಮುಂದಿನ ಪುಸ್ತಕಗಳಲ್ಲೂ ಅವರು ಇನ್ಸ್‌ಪೆಕ್ಟರ್ ಜೊತೆಗಿರಲಿ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅತ್ತೆ ಮಾತ್ರ ಫೋನಿಗೇ ಬಾಯಿ ಹಾಕಿದರು.

"ಏನು ಸ್ವಾಮಿ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಲ್ಲ! ಎಂಟು ಪುಸ್ತಕ ಕಾದಿದೀನಿ!"

ಪ್ರಕಾಶಕರು ನಗು ತಡೆಯಲಾರದೆ ಫೋನಿಟ್ಟರು. ನಾನು ಅತ್ತೆಯನ್ನು ತಬ್ಬಿಕೊಂಡು, ಕತ್ತರಿಸಿದ ಬಟ್ಟೆ ಚೂರುಗಳ ಮೇಲೆಯೇ ಗಿರಗಿರನೆ ತಿರುಗಿಸಿದೆ. ಅವರು ಮುಖ ಊದಿಸಿಕೊಂಡೇ ಇದ್ದರು.

"ಹಾಗಾದ್ರೆ ಕೊನೇ ಪುಸ್ತಕದಲ್ಲಾದ್ರೂ ನನ್ನ ಕೊಲ್ತೀಯೇನೇ? ಅದು ಯಾವಾಗ ಬರುತ್ತೆ?"

"ಅದು ಬರೋದೇ ಇಲ್ಲ ಅತ್ತೆ," ಎಂದೆ.