ಒಂದು ಗೇಣು ದೂರದ ಉರಿ

ಬೆಂಕಿಕಡ್ಡಿಯ ವಾಸನೆ ಮೂಗಿಗೆ ಅಡರಿದ್ದೇ ತಡ ಅವಳಿಗೆ ನಲವತ್ತಮೂರಲ್ಲ, ಹನ್ನೊಂದು ವರ್ಷ, ಮೊಣಕಾಲಿಗೆ ಮರದ ನೆಲ ಒತ್ತುತ್ತಿದೆ, ಬಾಯಿಂದ ಒಂದು ಗೇಣು ದೂರದಲ್ಲಿ ಮೇಣದಬತ್ತಿ, ಹಾಡು, ಉರಿ ಅಲುಗ್ಬಾರದು, ಅಂದಿದ್ದರು ದೊಡ್ಡ ಟೀಚರ್, ಸ್ವರ ಒಳಗಿಂದ ಬಂದ್ರೆ ಉಸಿರು ಹೊರಗೆ ಚೆಲ್ಲಲ್ಲ ಕಣೇ, ಅವಳು ಬಾಯಿ ತೆರೆದಳು, ಬತ್ತಿ ಆರಿಹೋಯಿತು, ಮಕ್ಕಳೆಲ್ಲ ಗೊಳ್ಳೆಂದರು — ಇದು ಗಂಟಲಲ್ಲಮ್ಮಾ, ತಿದಿ, ಹೋಗು, ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತು — ಒಂಬತ್ತು ವರ್ಷ ಒತ್ತಿದಳು, ಹೆಸರು ಹೋಗಿ ಪೆಟ್ಟಿಗೆಯೇ ಆದಳು, ಏಯ್ ಪೆಟ್ಟಿಗೆ, ಕಿಟಕಿ ಹಾಕು, ಏಯ್ ಪೆಟ್ಟಿಗೆ, ನೀರು ತಾ. ಈಗ ಅವಳೇ ಕೆಟ್ಟ ಗಂಟಲುಗಳಿಗೆ ದನಿ ಕಲಿಸುವವಳು, ಅದೇ ದೊಡ್ಡ ಟೀಚರ್ ಅವಳ ತರಗತಿಯಲ್ಲಿ, ಅವಳ ಎದುರಿಗೇ, ಈಗಷ್ಟೇ ಹಚ್ಚಿಟ್ಟ ಬತ್ತಿಯ ಆಚೆ ಬದಿಗೆ ಕೂತಿದ್ದಾರೆ, ಕುತ್ತಿಗೆಯ ಮೇಲೆ ಆಪರೇಷನ್ನಿನ ಕೆಂಪು ಹೊಲಿಗೆ, ಡಾಕ್ಟ್ರು ನಿನ್ ಹತ್ರಾನೇ ಹೋಗಿ ಅಂದ್ರು, ಸೇರಿಸ್ಕೋತೀಯಾ, ಕೇಳಿದ್ದೂ ಪಿಸುದನಿಯಲ್ಲೇ, ಸೇರಿಸಿಕೊಳ್ಳದೆ ಏನು, ಹಲ್ಲುಕಚ್ಚಿ ಕಾದದ್ದು ಇದಕ್ಕೇ ತಾನೆ. ಸುತ್ತ ಇಪ್ಪತ್ತು ಶಿಷ್ಯರು, ದನಿ ಅಂದರೆ ನಾನು ಎಂಬುದು ಕರಗುವ ಜಾಗ ಎಂದು ಅವರಿಗೆ ಈಗಷ್ಟೇ ಹೇಳಿದ್ದಾಳೆ, ಹೇಳುತ್ತ ಹೇಳುತ್ತಲೇ ಶ್ರುತಿಪೆಟ್ಟಿಗೆಯ ಗುಂಡಿಯನ್ನು ಎರಡು ಸ್ವರ ಮೇಲಕ್ಕೆ ತಿರುಗಿಸಿದ್ದಾಳೆ, ಹೊಲಿದ ಗಂಟಲು ಅಲ್ಲಿಗೆ ಏರಲಾರದು, ಒಡೆಯಲಿ, ಎಲ್ಲರೆದುರು ಒಡೆಯಲಿ, ಉಸಿರು ಚೆಲ್ಲಲಿ, ಉರಿ ಆರಲಿ, ಆಮೇಲೆ ಹಿಂದಿನ ಮೂಲೆಯನ್ನು ತಾನೇ ಬೊಟ್ಟುಮಾಡಿ ತೋರಿಸುತ್ತಾಳೆ. ಗಂಟಲು ಹೋದರೂ ಕಿವಿ ಹೋಗಿಲ್ಲ, ಮುದುಕಿ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಅವಳನ್ನು — ತಿಳಿಯಿತು, ಎಲ್ಲ ತಿಳಿಯಿತು, ಇಳಿಸು ಅನ್ನಲಿ, ಒಂದೇ ಒಂದು ಸಲ ಬೇಡಿಕೊಳ್ಳಲಿ — ಹಾಡ್ಲಾ, ಅಂದರು, ಮಗ್ಗಿ ಒಪ್ಪಿಸಲು ನಿಂತ ಹುಡುಗಿಯ ಹಾಗೆ, ಹಾಡಿ ಟೀಚರ್, ಉರಿ ಅಲುಗ್ಬಾರದು, ಎಷ್ಟು ನಯವಾಗಿ ಅಂದುಬಿಟ್ಟಳು. ದನಿ ಏರಿತು, ಅರ್ಧದಲ್ಲೇ ಒಡೆಯಿತು, ಹಳೇ ಬಟ್ಟೆ ಹರಿದ ಸದ್ದು, ಯಾರೋ ಕಿಸಕ್ಕೆಂದರು, ಸಿಕ್ಕಿತು, ಮೂವತ್ತೆರಡು ವರ್ಷಕ್ಕೆ ಆ ನಗು ವಾಪಸು ಸಿಕ್ಕಿತು, ಎಷ್ಟು ರುಚಿ — ಆದರೆ ಮುದುಕಿ ನಿಲ್ಲಿಸುತ್ತಿಲ್ಲ, ಒಡೆದದ್ದನ್ನೇ ಹಿಡಿದು ಎಳೆಯುತ್ತಿದ್ದಾರೆ, ಕಣ್ಣು ಮುಚ್ಚಿದೆ, ಕೆಂಪು ಹೊಲಿಗೆ ನಡುಗುತ್ತಿದೆ, ಉರಿ ಮಾತ್ರ ನೆಟ್ಟಗೆ, ಸೂಜಿಯಂತೆ ನೆಟ್ಟಗೆ, ಆರು, ಆರಿಹೋಗು ಪೀಡೆ, ಆರು — ಉರಿ ಬಾಗಿತು, ಈ ಕಡೆಗಲ್ಲ, ಆ ಮುಚ್ಚಿದ ಕಣ್ಣುಗಳ ಕಡೆಗೆ, ಮತ್ತೆ ಬಾಗಿತು, ಉಸಿರು ಚೆಲ್ಲುತ್ತಿರುವುದು ಅವಳದೇ ಬಾಯಿ, ತುಟಿ ಮುಂದಕ್ಕೆ ಚಾಚಿದೆ, ಇಪ್ಪತ್ತು ಜನ ನೋಡುತ್ತಿದ್ದಾರೆ, ಒಂದು ಗೇಣು ದೂರ, ಆಚೆಗೆ ಬಾಗಿದ ಉರಿ, ಬಾಗಿದ ಉರಿ